ಸ್ಪೀಕರ್ ಪೆಟ್ಟಿಗೆಯ ಅಂಚು ಓರೆ ಮಾಡುವ ಮೊದಲು

ಪ್ರಶ್ನೆ: 18 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಒಂದು ಜೋಡಿ ಸ್ಪೀಕರ್ ಪೆಟ್ಟಿಗೆ ಮಾಡುತ್ತಿದ್ದೇನೆ. ಅಗಲ 220 ಮಿ.ಮೀ., ತಗ್ಗಿನ ಧ್ವನಿಗೆ ಆರೂವರೆ ಇಂಚಿನ ವೂಫರ್, ಅದರ ಮೇಲೆ ಕೀಚಲು ಧ್ವನಿಗೆ ಟ್ವೀಟರ್. ಮುಂಭಾಗದ ಅಂಚುಗಳನ್ನು 45 ಡಿಗ್ರಿಯಲ್ಲಿ 30 ಮಿ.ಮೀ. ಓರೆ ಕತ್ತರಿಸುವ ಯೋಚನೆಯಿದೆ. ಧ್ವನಿಗೆ ಲಾಭವಿದೆಯೆ? ಪೆಟ್ಟಿಗೆ ದುರ್ಬಲವಾಗುವುದಿಲ್ಲವೆ? — ಓದುಗರು, ಶಿರಸಿ

ಉತ್ತರ: ಲಾಭವಿದೆ, ಮುಖ್ಯವಾಗಿ ಟ್ವೀಟರ್ ಸುತ್ತಮುತ್ತ. ಚೂಪಾದ ಅಂಚು ತಲುಪಿದ ಧ್ವನಿ ಅಲ್ಲಿಂದ ಮತ್ತೆ ಹರಡುತ್ತದೆ. ನೇರ ಧ್ವನಿಗಿಂತ ತುಸು ತಡವಾಗಿ ಕಿವಿಗೆ ಬಂದು ಕೆಲವು ಕಂಪನಾಂಕಗಳನ್ನು ಏರಿಸಿ ಕೆಲವನ್ನು ತಗ್ಗಿಸುತ್ತದೆ. ಅಮೆರಿಕದ ಆರ್‌ಸಿಎ ಕಂಪನಿಯ ಧ್ವನಿತಜ್ಞ ಹ್ಯಾರಿ ಓಲ್ಸನ್ 1951ರಲ್ಲೇ ಗೋಳ, ಘನ, ಓರೆಯಂಚಿನ ಪೆಟ್ಟಿಗೆ ಮುಂತಾದ ಆಕಾರಗಳನ್ನು ಅಳೆದು ಇದನ್ನು ತೋರಿಸಿದ್ದರು. 3 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 115 ಮಿ.ಮೀ.; ನಿಮ್ಮ 30 ಮಿ.ಮೀ. ಓರೆ ಅದರ ಕಾಲುಭಾಗ. ಹಾಗಾಗಿ ಅಲ್ಲಿಂದ ಮೇಲಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. 500 ಹರ್ಟ್ಸ್‌ನಲ್ಲಿ ಅಲೆ 690 ಮಿ.ಮೀ. ಆಸುಪಾಸು, ಅದಕ್ಕೆ ಈ ಓರೆ ಲೆಕ್ಕಕ್ಕಿಲ್ಲ. ಎರಡು ಪಕ್ಕ ಮತ್ತು ಮೇಲಂಚು ಕತ್ತರಿಸಿದರೆ ಸಾಕು, ಕೆಳಗಿನದನ್ನು ಬಿಡಿ.

ಆದರೆ ನಿಮ್ಮ ಅಳತೆ ಹೊಂದುವುದಿಲ್ಲ. 220ರಲ್ಲಿ ಎರಡು ಕಡೆ 30 ಕಳೆದರೆ ಸಮತಟ್ಟು ಉಳಿಯುವುದು 160 ಮಾತ್ರ. ಆರೂವರೆ ಇಂಚಿನ ವೂಫರ್‌ನ ಚೌಕಟ್ಟು ಅದಕ್ಕಿಂತ ಅಗಲ. ಓರೆಯ ಮೇಲೆ ತೂಗಿ ಗಾಳಿ ಸೋರುತ್ತದೆ. ಅಗಲವನ್ನು 250ಕ್ಕೆ ಏರಿಸಿ, ಆಳ ತಗ್ಗಿಸಿ, ಒಳಗಿನ ಲೀಟರ್ ಲೆಕ್ಕವನ್ನು ಸರಿದೂಗಿಸಿ.

ದುರ್ಬಲತೆಯ ಭಯ ನಿಜ. 18 ಮಿ.ಮೀ. ಹಲಗೆಗಳು ಸೇರುವಲ್ಲಿ ಹೊರಮೂಲೆಯಿಂದ ಒಳಮೂಲೆಗೆ 25.5 ಮಿ.ಮೀ. ದೂರ. 30ರ ಓರೆ ಅದರಲ್ಲಿ 21.2 ಮಿ.ಮೀ. ತಿನ್ನುತ್ತದೆ. ಉಳಿಯುವುದು 4 ಮಿ.ಮೀ. ಚಿಲ್ಲರೆ, ಅದೂ ಅಂಟಿನ ಗೆರೆಯ ಮೇಲೆ. ಓರೆ 36ಕ್ಕೆ ಹೋದರೆ ಪೆಟ್ಟಿಗೆ ತೂತೇ. ಮುಂಭಾಗಕ್ಕೆ ಎರಡು ಹಲಗೆ ಅಂಟಿಸಿ 36 ಮಿ.ಮೀ. ದಪ್ಪ ಮಾಡಿದರೆ ಅದೇ ಮೂಲೆಯಲ್ಲಿ 17 ಮಿ.ಮೀ. ಗಟ್ಟಿ ಮರ ಉಳಿಯುತ್ತದೆ. ಇಷ್ಟು ದಪ್ಪದ ಹಲಗೆಯಲ್ಲಿ ವೂಫರ್ ರಂಧ್ರ ಸುರಂಗದಂತಾಗಿ ಉಸಿರು ಕಟ್ಟುತ್ತದೆ. ಒಳಹಲಗೆಯ ರಂಧ್ರದ ಹಿಂಬದಿಯನ್ನು ಅಂಟಿಸುವ ಮೊದಲೇ ರೂಟರ್‌ನಿಂದ (ಅಂಚು ಕಡೆಯುವ ಕೈಯಂತ್ರ) 45 ಡಿಗ್ರಿ ಕಡೆದಿಡಿ. ಸ್ಕ್ರೂ ಕೂರುವ ಜಾಗಗಳನ್ನು ಮಾತ್ರ ಮುಟ್ಟಬೇಡಿ.

ಪ್ರಶ್ನೆ: ಪೆಟ್ಟಿಗೆ ಕೂಡಿಸಿದ ಮೇಲೆ ಕೈಗರಗಸ ಯಂತ್ರದಿಂದ ಓರೆ ಕತ್ತರಿಸಿದರೆ ಗೆರೆ ಅಲೆಅಲೆಯಾಗುತ್ತದೆ. ಯಾಕೆ? — ಓದುಗರು, ದಾವಣಗೆರೆ

ಉತ್ತರ: ಯಂತ್ರದ ತಳಕ್ಕೆ ಆಧಾರ ಸಾಲದೆ. ಹೆಚ್ಚಿನ ಸರ್ಕ್ಯುಲರ್ ಸಾಗಳಲ್ಲಿ ಅಲಗು ಬಾಗಿದಾಗ ಅದರ ತುದಿ ತಳದ ಅಗಲ ಭಾಗದ ಅಡಿಗೆ ಸರಿಯುತ್ತದೆ. ಈ ಕೆಲಸದಲ್ಲಿ ಆ ಅಗಲ ಭಾಗ ಪೆಟ್ಟಿಗೆಯ ಆಚೆ, ಗಾಳಿಯಲ್ಲಿರುತ್ತದೆ. ಕತ್ತರಿಸಿದ ತುಂಡು ಕಳಚುತ್ತಿದ್ದಂತೆ ಯಂತ್ರ ವಾಲುತ್ತದೆ.

ಹೇಗೂ ಪೆಟ್ಟಿಗೆಗಳು ಎರಡಿವೆ. ಅವುಗಳನ್ನು ಪಕ್ಕಕ್ಕೆ ಮಲಗಿಸಿ, ಮುಖಾಮುಖಿಯಾಗಿ 40 ಮಿ.ಮೀ. ಸಂದು ಬಿಟ್ಟು ಮೇಜಿಗೆ ಕ್ಲ್ಯಾಂಪ್ ಮಾಡಿ. ತಳ ಎರಡರ ಮೇಲೂ ಕೂರುತ್ತದೆ, ತ್ರಿಕೋನದ ತುಂಡು ಸಂದಿಯಲ್ಲಿ ಬೀಳುತ್ತದೆ. ಕತ್ತರಿಸುವ ಪೆಟ್ಟಿಗೆಯ ಮೇಲೆ ನೇರವಾದ ಅಲ್ಯೂಮಿನಿಯಂ ಪಟ್ಟಿ ಬಿಗಿದು ಯಂತ್ರವನ್ನು ಅದಕ್ಕೆ ಒತ್ತಿ ನಡೆಸಿ. 30 ಮಿ.ಮೀ. ಓರೆಗೆ ಆಳ 32ರಿಂದ 33 ಸಾಕು. 185 ಮಿ.ಮೀ. ಅಲಗಿನ ಯಂತ್ರ ಬೇಕು. 110ರ ಮಾರ್ಬಲ್ ಕಟರ್‌ಗೆ ಓರೆಯಲ್ಲಿ ಇಷ್ಟು ಆಳ ಎಟಕುವುದಿಲ್ಲ. 40 ಹಲ್ಲಿನ ಕಾರ್ಬೈಡ್ ಅಲಗು ಹಾಕಿ. ಗೆರೆಯಿಂದ 1 ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು ತೋಪಡದಿಂದ ತೆಗೆಯಿರಿ. ಅಂಟು ಹಚ್ಚಿ ಕನಿಷ್ಠ 24 ಗಂಟೆ ಕಳೆದಿರಲಿ. ಮುಂಭಾಗದ ಅಂಚಿನಿಂದ 60 ಮಿ.ಮೀ.ವರೆಗೆ ಸ್ಕ್ರೂ, ಮೊಳೆ ಯಾವುದೂ ಇರಕೂಡದು: ಅಲಗಿನ ಹಲ್ಲು ಹಾರಿದರೆ ಕಣ್ಣಿಗೇ ಅಪಾಯ. ಕನ್ನಡಕ, ಧೂಳಿನ ಮಾಸ್ಕ್ ಎರಡೂ ಬೇಕು.

ಪ್ರಶ್ನೆ: ಬಣ್ಣ ಹೊಡೆದು ಕೆಲ ತಿಂಗಳಿಗೆ ಓರೆಯ ಮೇಲೆ ಕೂಡುಗೆರೆ ಎದ್ದು ಕಾಣುತ್ತಿದೆ. — ಓದುಗರು, ಉಡುಪಿ

ಉತ್ತರ: ಎಂಡಿಎಫ್ ತೇವ ಹೀರಿ ಉಬ್ಬುತ್ತದೆ, ಅಂಟಿನ ಗೆರೆ ಉಬ್ಬುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಇದು ಇನ್ನೂ ಹೆಚ್ಚು. ಬಣ್ಣ ಕೆರೆದು, ಪೆಟ್ಟಿಗೆ ಪೂರ್ತಿ ಒಣಗಿದ ಮೇಲೆ 180ರ ಸ್ಯಾಂಡ್ ಪೇಪರ್ ಉಜ್ಜಿ, ಕತ್ತರಿಸಿದ ಮೈಗೆ ಎರಡು ಕೈ ಸೀಲರ್ (ತೇವ ತಡೆಯುವ ಲೇಪ) ಹಚ್ಚಿ. ನಡುವೆ 240ರಲ್ಲಿ ಉಜ್ಜಿ. ಒಳಮೈಗೂ ಒಂದು ಕೈ ಸೀಲರ್ ಬೇಕು, ಇಲ್ಲದಿದ್ದರೆ ತೇವ ಹಿಂದಿನಿಂದ ಬರುತ್ತದೆ. ಹೀಗೆ ಮಾಡಿದರೂ ಹೊಳಪಿನ ಬಣ್ಣದಲ್ಲಿ ಗೆರೆ ಇಣುಕಬಹುದು. ಹೊಳಪಿಲ್ಲದ ಮ್ಯಾಟ್ ಬಣ್ಣ ಅಥವಾ ವೆನಿಯರ್ (ಅಂಟಿಸುವ ತೆಳು ಮರದ ಹಾಳೆ) ವಾಸಿ.