ಬಾರ್ಕ್ಲಿ ಇರುವ ಸನ್ಸ್ ಬೇಕಾದರೆ ಮೊದಲು ಚಾಳಿ ತಿದ್ದಿ

ಎನ್‌ಬಿಎ 2ಕೆ ಅನ್ನೋ ಬ್ಯಾಸ್ಕೆಟ್‌ಬಾಲ್ ವಿಡಿಯೋ ಗೇಮ್‌ನಲ್ಲಿ ಚಾರ್ಲ್ಸ್ ಬಾರ್ಕ್ಲಿ ಇರುವ 1992-93ರ ಫೀನಿಕ್ಸ್ ಸನ್ಸ್ ತಂಡ ಸಿಗುತ್ತಿಲ್ಲ, ನಾವೇ ಸೇರಿಸಬಹುದಾ ಅಂತ ಕೇಳಿದ್ದೀರಲ್ಲ. ಸೇರಿಸಬಹುದು. ಎರಡು ಸಂಜೆ ಹಿಡಿಯುತ್ತದೆ, ಅಷ್ಟೇ.

ಸಿಗದಿರುವುದಕ್ಕೆ ಕಾರಣ ಲೈಸೆನ್ಸ್. ಈಗ ಆಡುತ್ತಿರುವವರ ಹೆಸರು, ಮುಖ ಬಳಸಲು ಆಟಗಾರರ ಸಂಘದ ಜೊತೆಗಿನ ಒಪ್ಪಂದ ಸಾಕು. ನಿವೃತ್ತರಾದವರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಬೇಕು. ಬಾರ್ಕ್ಲಿಯಂತೂ ನಿವೃತ್ತ ಆಟಗಾರರ ಸಂಘಕ್ಕೆ ದುಡ್ಡು ಕೊಡಬೇಕು ಅಂತ ಪಟ್ಟು ಹಿಡಿದಿದ್ದ.

ಮೊದಲು ಬೇರೆ ಯಾರಾದರೂ ಹಂಚಿಕೊಂಡ ರೋಸ್ಟರ್, ಅಂದರೆ ತಂಡ, ಆಟಗಾರರ ಫೈಲ್ ಇದೆಯಾ ಹುಡುಕಿ. ಇದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಹೊಸ ರೋಸ್ಟರ್ ಶುರು ಮಾಡಿ, ದಿನಾ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ನಾನು ಒಮ್ಮೆ ಹಳೇ ಫೈಲ್ ಮೇಲೇ ಸೇವ್ ಒತ್ತಿ ವಾರದ ಕೆಲಸ ಕಳೆದುಕೊಂಡೆ.

ಆಟಗಾರರನ್ನು ಮಾಡುವಾಗ ಅವರ ಮೂಗು, ಹಣೆ ತಿದ್ದುತ್ತಾ ರಾತ್ರಿಯೆಲ್ಲಾ ಕೂರಬೇಡಿ. ಬಾರ್ಕ್ಲಿಗೆ ಬೋಳು ತಲೆ ಕೊಟ್ಟು ಮುಂದೆ ಹೋಗಿ. ತಂಡಕ್ಕೆ ಜೀವ ಬರುವುದು ಟೆಂಡೆನ್ಸಿಯಿಂದ, ಅಂದರೆ ಆಟಗಾರನ ಚಾಳಿಯಿಂದ. ಆ ಸೀಸನ್‌ನಲ್ಲಿ ಇಡೀ ಲೀಗಿನಲ್ಲಿ ಅತಿ ಹೆಚ್ಚು ತ್ರೀ (ದೂರದಿಂದ ಹಾಕುವ ಮೂರು ಪಾಯಿಂಟಿನ ಬುಟ್ಟಿ) ಹಾಕಿದವರು ಸನ್ಸ್‌ನ ಡ್ಯಾನ್ ಮಾರ್ಲಿ ಮತ್ತು ಪೇಸರ್ಸ್‌ನ ರೆಜಿ ಮಿಲ್ಲರ್, ತಲಾ 167. ಸ್ಟೆಫ್ ಕರಿ 2015-16ರಲ್ಲಿ ಒಬ್ಬನೇ 402 ಹಾಕಿದ! ಹಾಗಾಗಿ ಮಾರ್ಲಿ, ಡ್ಯಾನಿ ಏಂಜ್ ಬಿಟ್ಟು ಉಳಿದವರ ತ್ರೀ ಟೆಂಡೆನ್ಸಿ ಧಾರಾಳವಾಗಿ ಇಳಿಸಿ. ಇಲ್ಲದಿದ್ದರೆ ಇವತ್ತಿನ ತಂಡಕ್ಕೆ ಹಳೇ ಜೆರ್ಸಿ ತೊಡಿಸಿದಂತೆ ಆಗುತ್ತದೆ.

ಬಾರ್ಕ್ಲಿಯ ಎತ್ತರ ಆರಡಿ ಆರಿಂಚು ಇರಲಿ, ಜಾಸ್ತಿ ಮಾಡಬೇಡಿ. ಆ ಎತ್ತರಕ್ಕೇ ಪಂದ್ಯಕ್ಕೆ 12.2 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು) ಹಿಡಿದ ಭೂಪ ಅವನು! 25.6 ಪಾಯಿಂಟ್, ಆ ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿ (ಎಂವಿಪಿ) ಬೇರೆ. ಪಾಸಿಂಗ್ ಕೂಡ ಏರಿಸಿ, 5.1 ಅಸಿಸ್ಟ್ (ಬುಟ್ಟಿ ಬೀಳಿಸಿದ ಪಾಸ್) ಇತ್ತು. ಪೋಸ್ಟ್ ಅಪ್ ಪೂರ್ತಿ ಮೇಲಿಡಿ. ಎದುರಾಳಿಗೆ ಬೆನ್ನು ಕೊಟ್ಟು ನೂಕುತ್ತಾ ನೂಕುತ್ತಾ ಬುಟ್ಟಿವರೆಗೂ ಹೋಗುತ್ತಿದ್ದ. ಹಾಗೆ ಐದು ಸೆಕೆಂಡ್ ಮೀರಬಾರದು ಅನ್ನೋ ನಿಯಮ ಆಮೇಲೆ ಬಂದದ್ದು ಇಂಥವರಿಂದಲೇ. ಸನ್ಸ್‌ನ ಕೆವಿನ್ ಜಾನ್ಸನ್‌ಗೆ ವೇಗ, ಡ್ರೈವ್ (ಬುಟ್ಟಿಯತ್ತ ನುಗ್ಗುವುದು) ಕೊಟ್ಟರೆ ಸಾಕು.

ಇನ್ನೊಂದು, ಎನ್‌ಬಿಎಯಲ್ಲಿ ಜೋನ್ ಡಿಫೆನ್ಸ್‌ಗೆ, ಅಂದರೆ ಆಟಗಾರನನ್ನಲ್ಲ, ಜಾಗವನ್ನು ಕಾಯುವ ಆಟಕ್ಕೆ ಅನುಮತಿ ಸಿಕ್ಕಿದ್ದೇ 2001-02ರಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಹೆಲ್ಪ್ ಡಿಫೆನ್ಸ್ (ಜೊತೆಗಾರನ ನೆರವಿಗೆ ಬರುವುದು) ಸ್ಲೈಡರ್ ಸ್ವಲ್ಪ ಕೆಳಗಿಳಿಸಿ, ಒಬ್ಬನಿಗೆ ಒಬ್ಬ ಅನ್ನೋ ಆಟ ಬರುತ್ತದೆ.

ಕೊನೆಗೆ ಜೋರ್ಡಾನ್‌ನ ಬುಲ್ಸ್ ಎದುರು ನಾಲ್ಕೈದು ಪಂದ್ಯ ಕಂಪ್ಯೂಟರ್‌ಗೇ ಆಡಲು ಬಿಡಿ. ಆ ವರ್ಷದ ಫೈನಲ್‌ನಲ್ಲಿ ಸನ್ಸ್ 4-2ರಿಂದ ಸೋತಿತ್ತು, ಹಾಗಾಗಿ ನೀವು ಸೋತರೂ ಬೇಜಾರಿಲ್ಲ. ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಅಂಕಿ-ಅಂಶದ ಪಟ್ಟಿ ಮಾತ್ರ ನೋಡಿ. ಸನ್ಸ್ ಪಂದ್ಯಕ್ಕೆ ಮೂವತ್ತು ತ್ರೀ ಎಸೆದಿದ್ದರೆ ಮತ್ತೆ ಟೆಂಡೆನ್ಸಿಗೆ ಹೋಗಿ. ನಂಬರ್‌ಗಳ ಫೋಟೋ ಇಲ್ಲಿ ಹಾಕಿದರೆ ನಾನೂ ನೋಡ್ತೀನಿ.