ವಾರಕ್ಕೆ ಐದು ಅರ್ಜಿ ಸಾಕು: ಜರ್ಮನಿಯಲ್ಲಿ ಕೆಲಸ ಹುಡುಕುತ್ತಿರುವ ಕಾರವಾರದ ಗೆಳೆಯರಿಗೆ

ಜರ್ಮನಿಗೆ ಬಂದು ಮೂರು ತಿಂಗಳಾಯಿತು, ಮೆಕ್ಯಾನಿಕಲ್ ಪದವಿಯೂ ಹುಬ್ಬಳ್ಳಿಯ ಕಾರ್ಖಾನೆಯೊಂದರ ಮೂರು ವರ್ಷದ ಅನುಭವವೂ ಕೈಯಲ್ಲಿದೆ, ನೂರೆಂಬತ್ತು ಅರ್ಜಿ ಹಾಕಿದರೂ ಒಂದು ಸಂದರ್ಶನಕ್ಕೂ ಕರೆ ಬಂದಿಲ್ಲ, ಇನ್ನೆಷ್ಟು ಅರ್ಜಿ ಹಾಕಬೇಕು ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷಗಳಿಂದ ಸ್ಟುಟ್‌ಗಾರ್ಟ್ ಸಮೀಪದಲ್ಲಿರುವ ನಾನು ಈಗ ರಜೆಯ ಮೇಲೆ ಶಿರಸಿಯ ಮನೆಯಲ್ಲಿದ್ದೇನೆ. ಮಳೆ ಹೊರಗೆ ಕಾಲಿಡಲು ಬಿಡುತ್ತಿಲ್ಲವಾದ್ದರಿಂದ ತುಸು ವಿಸ್ತಾರವಾಗಿಯೇ ಬರೆಯುತ್ತೇನೆ. ಅರ್ಜಿಗಳ ಸಂಖ್ಯೆಯನ್ನು ಹೆಚ್ಚಿಸಬೇಡಿ. ವಾರಕ್ಕೆ ನಾಲ್ಕೋ ಐದೋ ಸಾಕು, ಆದರೆ ಪ್ರತಿಯೊಂದರ ಮೇಲೂ ಅರ್ಧ ದಿನ ಕೂರಬೇಕು.

ನೀವು ಕಳುಹಿಸಿದ ರೆಸ್ಯೂಮೆಯನ್ನು ಓದಿದೆ. ವಿನ್ಯಾಸ, ಗುಣಮಟ್ಟ ಪರೀಕ್ಷೆ, ಖರೀದಿ, ಕಾಲೇಜಿನ ರೋಬೋಟ್ ಸ್ಪರ್ಧೆ, ಎಲ್ಲವೂ ಅದರಲ್ಲಿವೆ, ನೂರೆಂಬತ್ತು ಕಂಪನಿಗಳಿಗೂ ಹೋದದ್ದು ಅದೇ. ಇಲ್ಲಿ ಅಡಿಕೆ ಸೊಸೈಟಿಗೆ ಒಯ್ಯುವ ಮುನ್ನ ಅಪ್ಪ ಜಗಲಿಯಲ್ಲಿ ಕುಳಿತು ಚಾಲಿಯೊಳಗಿನ (ಒಣಗಿಸಿ ಸುಲಿದ ಅಡಿಕೆಯೊಳಗಿನ) ಬಿಳೆಗೋಟು, ಕೋಕಾ ಎಂಬ ಕಳಪೆ ದರ್ಜೆಯವನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದರು. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದರೆ ಟೆಂಡರಿನಲ್ಲಿ ಒಳ್ಳೆಯ ಅಡಿಕೆಗೂ ಕಳಪೆಯ ದರವೇ ಬೀಳುತ್ತದೆಂಬುದು ಘಟ್ಟದ ಮೇಲಿನವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಗುಣಮಟ್ಟ ಪರೀಕ್ಷೆಯ ಹುದ್ದೆಗೆ ಅರ್ಜಿ ಹಾಕುವಾಗ ನೀವು ಯಾವ ಭಾಗವನ್ನು ಯಾವ ಯಂತ್ರದಲ್ಲಿ ಅಳೆದಿರಿ, ಎಷ್ಟು ಮೈಕ್ರಾನಿನ ಮಿತಿಯೊಳಗೆ ಕೆಲಸ ಮಾಡಿದಿರಿ ಎಂಬುದು ಮೊದಲ ಪುಟದ ಮೇಲ್ಭಾಗದಲ್ಲಿರಲಿ. ರೋಬೋಟ್ ಸ್ಪರ್ಧೆ ಆ ಅರ್ಜಿಗೆ ಕೋಕಾ.

ಇದಕ್ಕಿಂತ ದೊಡ್ಡ ತೊಡಕು ನಿಮ್ಮ ಅನುಭವ ಪತ್ರದಲ್ಲಿದೆ. ಸೇರಿದ ದಿನಾಂಕ, ಬಿಟ್ಟ ದಿನಾಂಕ, ‘ಕೆಲಸ ಮತ್ತು ನಡತೆ ತೃಪ್ತಿಕರ’ ಎಂಬ ಒಂದು ಸಾಲು, ಕೆಳಗೊಂದು ಮೊಹರು. ನನ್ನದೂ ಹಾಗೆಯೇ ಇತ್ತು. ನನ್ನ ಮೊದಲ ಸಂದರ್ಶನದಲ್ಲಿ ಎದುರಿಗಿದ್ದ ಹಿರಿಯರು ಆ ‘ತೃಪ್ತಿಕರ’ದ ಕೆಳಗೆ ಪೆನ್ನಿನಿಂದ ಮೆಲ್ಲಗೆ ಗೆರೆ ಎಳೆದು, ಅಲ್ಲಿ ಏನಾಯಿತೆಂದು ಕೇಳಿದರು. ಏನೂ ಆಗಿರಲಿಲ್ಲ! ಜರ್ಮನಿಯಲ್ಲಿ ಉದ್ಯೋಗಿಯು ಕೆಲಸ ಬಿಡುವಾಗ ‘ಆರ್ಬೈಟ್ಸ್‌ತ್ಸೊಯ್ಗ್ನಿಸ್’ ಎಂಬ ವಿವರವಾದ ಪ್ರಮಾಣಪತ್ರವನ್ನು ಕೇಳಿ ಪಡೆಯುವುದು ಕಾನೂನಿನ ಹಕ್ಕು, ಮತ್ತು ಅದರ ಭಾಷೆಗೆ ಎಲ್ಲರಿಗೂ ಗೊತ್ತಿರುವ ಒಳ ಅರ್ಥವೊಂದಿದೆ. ‘ಸದಾ ನಮ್ಮ ಪರಿಪೂರ್ಣ ತೃಪ್ತಿಗೆ ತಕ್ಕಂತೆ ದುಡಿದರು’ ಎಂದರೆ ಅತ್ಯುತ್ತಮ. ‘ಸದಾ’ ಹೋದರೆ ಒಂದು ಮೆಟ್ಟಿಲು ಕೆಳಗೆ. ಬರೀ ‘ನಮ್ಮ ತೃಪ್ತಿಗೆ’ ಎಂದುಳಿದರೆ ಹೇಗೋ ಪಾಸಾದವನು ಎಂದರ್ಥ. ನಮ್ಮಲ್ಲಿ ಗುಮಾಸ್ತರು ಸದ್ಭಾವದಿಂದ ಬರೆಯುವ ಪದವೇ ಅಲ್ಲಿ ನಿಮ್ಮನ್ನು ಬದಿಗೆ ಸರಿಸುತ್ತದೆ.

ಕಾರಣ ಹೇಳದೆ ತಿರಸ್ಕರಿಸುತ್ತಾರೆ ಎಂಬ ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ‘ಲೈಡರ್’, ಅಂದರೆ ‘ವಿಷಾದದಿಂದ’, ಎಂಬ ಪದ ಕಂಡ ಕೂಡಲೇ ಮುಂದೆ ಓದದೆ ಮುಚ್ಚುವುದನ್ನು ನಾನೂ ಬೇಗ ಕಲಿತಿದ್ದೆ. 2006ರಲ್ಲಿ ಸಮಾನ ಅವಕಾಶದ ಕಾನೂನು ಬಂದ ಮೇಲೆ, ಬರೆದ ಕಾರಣವೇ ತಾರತಮ್ಯದ ದಾವೆಗೆ ಆಧಾರವಾದೀತೆಂಬ ಅಂಜಿಕೆಯಿಂದ ಅನೇಕ ಕಂಪನಿಗಳು ಎಲ್ಲರಿಗೂ ಒಂದೇ ಒಕ್ಕಣೆಯ ಪತ್ರ ಕಳುಹಿಸುತ್ತವೆ. ಅದರಲ್ಲಿ ನಿಮ್ಮ ಯೋಗ್ಯತೆಯ ಕುರಿತ ತೀರ್ಪನ್ನು ಹುಡುಕುವುದು ವ್ಯರ್ಥ. ಇನ್ನು ವಿಳಂಬ: ಅಲ್ಲಿ ಮೂರು ತಿಂಗಳ ನೋಟಿಸ್ ಅವಧಿಯ ಒಪ್ಪಂದಗಳು ಸಾಮಾನ್ಯವಾದ್ದರಿಂದ ಹುದ್ದೆ ತುಂಬುವ ಕೆಲಸವೂ ಅದೇ ನಿಧಾನದಲ್ಲಿ ಸಾಗುತ್ತದೆ.

ನೀವು ಬಂದಿರುವುದು ಕೆಲಸ ಹುಡುಕಲೆಂದು ಕೊಡುವ ‘ಶಾನ್ಸನ್‌ಕಾರ್ಟೆ’ಯ ಮೇಲೆ. 2024ರ ಜೂನ್ 1ರಿಂದ ಜಾರಿಗೆ ಬಂದ ಈ ಅವಕಾಶದ ಕಾರ್ಡು ಒಂದು ವರ್ಷದ್ದು, ಅದರಲ್ಲಿ ನಿಮಗೆ ಉಳಿದಿರುವುದು ಒಂಬತ್ತು ತಿಂಗಳು. ಆದರೆ ಅದು ಕೊಡುವ ಎರಡು ಅನುಕೂಲಗಳನ್ನು ನೀವು ಇನ್ನೂ ಮುಟ್ಟಿಯೇ ಇಲ್ಲ. ವಾರಕ್ಕೆ 20 ಗಂಟೆ ಅರೆಕಾಲಿಕ ಕೆಲಸ ಮಾಡಬಹುದು. ಗೋದಾಮಿನದ್ದಾದರೂ ಸರಿ, ಖಾತೆಯ ಹಣ ಕರಗುವುದನ್ನು ನೋಡುತ್ತಾ ಕೂತವನ ಅರ್ಜಿಯಲ್ಲಿ ಅವಸರ ಎದ್ದು ಕಾಣುತ್ತದೆ. ಎರಡನೆಯದಾಗಿ, ನಿಮ್ಮ ಅರ್ಹತೆಗೆ ತಕ್ಕ ಕೆಲಸವನ್ನು ಒಬ್ಬ ಉದ್ಯೋಗದಾತರ ಬಳಿ ಎರಡು ವಾರದವರೆಗೆ ಪ್ರಾಯೋಗಿಕವಾಗಿ ಮಾಡಬಹುದು. ಸಣ್ಣ ಊರಿನ ಮಧ್ಯಮ ಗಾತ್ರದ ಕಾರ್ಖಾನೆಗೆ ಇದು ತಿಳಿದಿರಲಿಕ್ಕಿಲ್ಲ. ಪತ್ರದ ಕೊನೆಯಲ್ಲಿ ನೀವೇ ತಿಳಿಸಿ. ಹಾಗೆಯೇ ಎಂಜಿನಿಯರುಗಳು ಕೊರತೆಯ ವೃತ್ತಿಗಳ ಪಟ್ಟಿಯಲ್ಲಿರುವುದರಿಂದ ಬ್ಲೂ ಕಾರ್ಡಿಗೆ, ಅಂದರೆ ಪದವೀಧರ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿಗೆ, ನಿಮಗೆ ಬೇಕಾದ ಕನಿಷ್ಠ ವಾರ್ಷಿಕ ಸಂಬಳ ಸಾಮಾನ್ಯ ಮಿತಿಗಿಂತ ಕಡಿಮೆ. 2025ರಲ್ಲಿ ಅದು 43,759.80 ಯೂರೋ ಇತ್ತು, ಸಾಮಾನ್ಯ ಮಿತಿ 48,300 ಇತ್ತು. ಸಂಬಳದ ಮಾತು ಬಂದಾಗ ಆ ವರ್ಷದ ಅಂಕಿ ನಾಲಿಗೆಯ ತುದಿಯಲ್ಲಿರಲಿ.

ಭಾಷೆಯ ಬಗ್ಗೆ ನಾನು ಸ್ವಲ್ಪ ಕಟುವಾಗಿದ್ದೇನೆ. ಜಾಹೀರಾತು ಜರ್ಮನ್‌ನಲ್ಲಿದ್ದರೆ ಅರ್ಜಿಯೂ ಜರ್ಮನ್‌ನಲ್ಲಿರಬೇಕು. ಬೆಳಗಿನ ಹೊತ್ತನ್ನು ತರಗತಿಗೆ ಕೊಡಿ. ಜರ್ಮನ್‌ನಲ್ಲಿ ಬಿ1 ಎಂಬ ಮಧ್ಯಮ ಮಟ್ಟ ಮುಟ್ಟಿದರೆ ಮುಂದೆ ಬ್ಲೂ ಕಾರ್ಡಿನಿಂದ ಶಾಶ್ವತ ವಾಸದ ಪರವಾನಗಿಗೆ 27 ತಿಂಗಳ ಬದಲು 21 ತಿಂಗಳು ಸಾಕಾಗುತ್ತದೆ. ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಸಂಪರ್ಕದ ವ್ಯಕ್ತಿಯ ಹೆಸರು, ದೂರವಾಣಿ ಇರುತ್ತದೆ. ಎರಡು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಅರ್ಜಿಗೆ ಮೊದಲೇ ಕರೆ ಮಾಡಿ, ತಡವರಿಸಿದರೂ ಚಿಂತೆಯಿಲ್ಲ. ಆ ಮಾತುಕತೆಯನ್ನು ಪತ್ರದ ಮೊದಲ ಸಾಲಿನಲ್ಲಿ ನೆನಪಿಸಿದರೆ ನಿಮ್ಮ ಅರ್ಜಿ ರಾಶಿಯಿಂದ ಬೇರೆಯಾಗುತ್ತದೆ.

ಭಾನುವಾರ ಮನೆಯಿಂದ ಬರುವ ‘ಕೆಲ್ಸದ್ ಕಥೆ ಎಂತಾತು?’ ಎಂಬ ಪ್ರಶ್ನೆಗೆ ಹೆದರಿ ಫೋನನ್ನೇ ಎತ್ತುವುದಿಲ್ಲ ಎಂದಿದ್ದೀರಿ. ಎತ್ತಿ, ತಮ್ಮನಿಗೊಂದು ಕೆಲಸ ಹೇಳಿ. ನೀವು ಮಾಡಿದ ಕೆಲಸಗಳನ್ನು ಸಾಲುಸಾಲಾಗಿ ವಿವರಿಸುವ ಹೊಸ ಅನುಭವ ಪತ್ರದ ಕರಡನ್ನು ನೀವೇ ಬರೆದು ಕಳುಹಿಸಿ, ಅವನು ಅದನ್ನು ಹಿಡಿದು ಹುಬ್ಬಳ್ಳಿಗೆ ಹೋಗಲಿ. ನಿಮ್ಮ ಹಳೆಯ ಮೇಲಧಿಕಾರಿ ಓದಿ ನಿಜವೆಂದು ಒಪ್ಪಿದ್ದನ್ನು ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಸಹಿ ಸಮೇತ ಪಡೆಯಬೇಕು. ಇಂಥದ್ದು ಇಮೇಲಿನಲ್ಲಿ ಆಗುವ ಕೆಲಸವಲ್ಲ. ಅರಬೈಲು ಘಟ್ಟದಲ್ಲಿ ಮಳೆಯಿಂದ ಬಸ್ಸು ತಡವಾಗಬಹುದು, ಕಾರವಾರದಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಡಲಿ. ಕರಡನ್ನು ನನಗೂ ಕಳುಹಿಸಿ, ‘ತೃಪ್ತಿಕರ’ ಎಂಬ ಪದ ಎಲ್ಲಾದರೂ ನುಸುಳಿದೆಯೇ ಎಂದು ನೋಡುತ್ತೇನೆ.