‘ಸಂಬಂಧಪಟ್ಟವರು ಗಮನಿಸಲಿ’ ಎಂದರೆ ಯಾರೂ ಗಮನಿಸುವುದಿಲ್ಲ

ಪ್ರಶ್ನೆ: ನಾನು ಬೆಂಗಳೂರಿನ ರಾಜಾಜಿನಗರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಶಾಲಾ ಪತ್ರಿಕೆಗಾಗಿ ಒಂಬತ್ತನೇ ತರಗತಿಯ ಮಕ್ಕಳಿಂದ ಸಂಪಾದಕೀಯ ಬರೆಸುತ್ತಿದ್ದೇನೆ. ಎಲ್ಲರದ್ದೂ ಒಂದೇ ರಾಗ: ಪರಿಸರ ಉಳಿಸಿ, ಮೊಬೈಲ್ ಬಿಡಿ, ಪ್ಲಾಸ್ಟಿಕ್ ನಿಷೇಧಿಸಿ. ಓದುಗರ ಮನವೊಲಿಸುವಂತೆ ಬರೆಯುವುದನ್ನು ಹೇಗೆ ಕಲಿಸಲಿ? ಮಕ್ಕಳು ಶಾಲೆಯನ್ನೇ ಟೀಕಿಸಿ ಬರೆದರೆ ಏನು ಮಾಡಲಿ?

ಉತ್ತರ: ಮಕ್ಕಳನ್ನು ದೂರಬೇಡಿ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಕಂಠಪಾಠ ಮಾಡಿಸಿದವರು ನಾವು. ಗಾದೆ ವಿಸ್ತರಿಸಿ ಎಂದಾಗ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಶುರುಮಾಡಿದ ಮಗುವಿಗೆ ಅಂಕ ಕೊಟ್ಟವರೂ ನಾವೇ. ಪರಿಸರ ಉಳಿಯಬೇಕು ಎಂಬ ಮಾತಿಗೆ ಪರೀಕ್ಷಕರು ಮೊದಲೇ ತಲೆದೂಗಿರುತ್ತಾರೆ. ಸಂಪಾದಕೀಯದ ಓದುಗ ಹಾಗಲ್ಲ, ‘ಇದನ್ನು ನಾನೇಕೆ ನಂಬಬೇಕು’ ಎಂದು ಕೇಳುತ್ತಲೇ ಓದುತ್ತಾನೆ. ಆ ಓದುಗನನ್ನು ಮಕ್ಕಳ ಕಣ್ಣೆದುರು ತಂದು ನಿಲ್ಲಿಸುವುದೇ ನಿಮ್ಮ ಕೆಲಸ.

ಪ್ಲಾಸ್ಟಿಕ್ಕನ್ನೇ ತೆಗೆದುಕೊಳ್ಳಿ. ‘ಪ್ಲಾಸ್ಟಿಕ್ ಪರಿಸರಕ್ಕೆ ಮಾರಕ, ಸರ್ಕಾರ ಇದನ್ನು ಕೂಡಲೇ ನಿಷೇಧಿಸಬೇಕು’ ಎಂದು ನಿಮ್ಮ ವಿದ್ಯಾರ್ಥಿ ಬರೆದಿರುತ್ತಾನೆ. ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ಮೇಲೆ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಆಗಿಹೋದದ್ದನ್ನು ಆಗಲಿ ಎಂದು ಬೇಡುವ ಸಂಪಾದಕೀಯವನ್ನು ಯಾರು ಓದುತ್ತಾರೆ? ನಿಷೇಧವಾಗಿ ಇಷ್ಟು ವರ್ಷ ಕಳೆದರೂ ಶಾಲೆಯ ಗೇಟಿನ ಪಕ್ಕ ಹೂ ಮಾರುವಾಕೆಯ ಬುಟ್ಟಿಯಲ್ಲಿ ತೆಳು ಕವರ್ ಏಕಿದೆ ಎಂಬುದು ನಿಜವಾದ ಪ್ರಶ್ನೆ.

ಇಬ್ಬರು ಮಕ್ಕಳನ್ನು ಆಕೆಯ ಬಳಿಗೇ ಕಳುಹಿಸಿ. ಕೊಳ್ಳುವವರು ಬರಿಗೈಯಲ್ಲಿ ಬರುತ್ತಾರೆ, ಎಲೆಯಲ್ಲಿ ಕಟ್ಟಿಕೊಟ್ಟರೆ ಬೇಡವೆಂದು ಮುಂದಿನ ಗಾಡಿಗೆ ಹೋಗುತ್ತಾರೆ ಎಂದು ಆಕೆ ಹೇಳಬಹುದು. ಕವರ್ ಎಲ್ಲಿಂದ ಬರುತ್ತದೆ, ಒಂದು ಕಟ್ಟಿನ ಬೆಲೆ ಎಷ್ಟು, ದಂಡ ಕಟ್ಟಿದ್ದೀರಾ ಎಂದೂ ಕೇಳಲಿ. ಮರಳಿ ಬಂದ ಮಕ್ಕಳು ‘ಮಾರಕ’ ಎಂಬ ಪದವನ್ನು ತಾವಾಗಿಯೇ ಬಿಡುತ್ತಾರೆ. ಅವರ ನಿಲುವು ಹೀಗಾಗಬಹುದು: ‘ಒಂದು ಮೊಳ ಮಲ್ಲಿಗೆ ಮಾರುವವರಿಗೆ ದಂಡ ಹಾಕುವ ಮೊದಲು ಕವರನ್ನು ಸಗಟಾಗಿ ಮಾರುವ ಮಳಿಗೆಯ ಗೋದಾಮಿಗೆ ಬೀಗ ಹಾಕಬೇಕು.’ ಈ ಮಾತನ್ನು ವಿವೇಕವುಳ್ಳ ಒಬ್ಬರಾದರೂ ಅಲ್ಲಗಳೆಯಬಲ್ಲರೇ? ಬಲ್ಲರು. ಕೊಳ್ಳುವವರು ಇರುವಷ್ಟು ದಿನ ಗೋದಾಮು ಮುಚ್ಚಿ ಏನು ಫಲ ಎಂದು ಆರೋಗ್ಯ ನಿರೀಕ್ಷಕರು ಕೇಳಬಹುದು. ಎದುರು ಮಾತು ಹುಟ್ಟದ ನಿಲುವನ್ನು ನಾನಾದರೆ ಅಚ್ಚಿಗೆ ಕಳುಹಿಸುವುದಿಲ್ಲ.

ಪತ್ರಿಕೆಗಳ ಸಂಪಾದಕೀಯದಲ್ಲಿ ಬರೆದವರ ಹೆಸರಿರುವುದಿಲ್ಲ. ಅದು ಪತ್ರಿಕೆಯ ನಿಲುವು. ಆದ್ದರಿಂದ ಬರೆಯುವ ಮುನ್ನ ತರಗತಿಯಲ್ಲೇ ಸಂಪಾದಕೀಯ ಸಭೆ ನಡೆಸಿ. ವಾದವಾಗಲಿ, ಗಲಾಟೆಯೂ ಆಗಲಿ. ಸಭೆಯಲ್ಲಿ ಸೋತ ಗುಂಪಿಗೇ ಎದುರು ವಾದದ ಪ್ಯಾರಾ ಬರೆಯಲು ಕೊಡಿ. ಗೆದ್ದವರು ಬರೆದರೆ ಎದುರಾಳಿಯನ್ನು ಪೆದ್ದನಂತೆ ಚಿತ್ರಿಸಿ ಕೈತೊಳೆದುಕೊಳ್ಳುತ್ತಾರೆ.

ಎದುರು ವಾದವನ್ನು ಗೌರವದಿಂದ ಎದುರಿಸುವ ಅಭ್ಯಾಸಕ್ಕೆ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯ ವಿವಾದ ಚೆನ್ನಾಗಿ ಒದಗುತ್ತದೆ. 2016ರ ಆ ಯೋಜನೆಯ ಉದ್ದ ಸುಮಾರು 6.7 ಕಿ.ಮೀ., ವೆಚ್ಚ 1,791 ಕೋಟಿ ರೂಪಾಯಿ, ಕಡಿಯಬೇಕಾಗಿದ್ದ ಮರಗಳು 812. ಆ ಅಕ್ಟೋಬರ್‌ನಲ್ಲಿ ನಾಗರಿಕರು ಮಾನವ ಸರಪಳಿ ರಚಿಸಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ‘ಸಾವಿರಾರು ಮರಗಳ ಮಾರಣಹೋಮ’ ಎಂದು ಬರೆದವರನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕಬಹುದಿತ್ತು, 812ನ್ನು ತಳ್ಳಿಹಾಕುವುದು ಕಷ್ಟ. ಆದರೆ ವಿಮಾನ ನಿಲ್ದಾಣದ ದಾರಿಯಲ್ಲಿರುವ ಹೆಬ್ಬಾಳದ ದಟ್ಟಣೆಯಲ್ಲಿ ಸಿಲುಕಿ ವಿಮಾನ ತಪ್ಪಿಸಿಕೊಂಡವರ ಸಂಕಟವೂ ಸುಳ್ಳಲ್ಲ. ಅರ್ಧ ತರಗತಿ ಸೇತುವೆಯ ಪರ ಬರೆಯಲಿ. ಪರ ಬರೆಯುವುದೇ ಕಷ್ಟದ ಕೆಲಸವಾದ್ದರಿಂದ ಅದನ್ನು ನಿಮ್ಮ ಜಾಣ ಮಕ್ಕಳಿಗೆ ವಹಿಸಿ.

ಇನ್ನು ಕೊನೆಯ ಸಾಲು. ‘ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ’ ಎಂಬ ವಾಕ್ಯ ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ದೊಡ್ಡ ಪತ್ರಿಕೆಗಳೂ ಅದನ್ನು ಬಿಟ್ಟಿಲ್ಲ. ಸಂಬಂಧಪಟ್ಟವರು ಯಾರು? ಬಸ್ ತಡವಾದರೆ ಬಿಎಂಟಿಸಿ, ಒಳಚರಂಡಿ ಉಕ್ಕಿದರೆ ಜಲಮಂಡಳಿ, ಸಿಗ್ನಲ್ ಕೆಟ್ಟರೆ ಸಂಚಾರ ಪೊಲೀಸರು. ‘ಬಿಬಿಎಂಪಿ ಎಚ್ಚೆತ್ತುಕೊಳ್ಳಲಿ’ ಎಂದು ಬರೆದರೆ ಎಚ್ಚೆತ್ತುಕೊಳ್ಳಲು ಅದು ಈಗಿಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಿವೆ. ಶಾಲೆ ಯಾವ ಪಾಲಿಕೆಗೆ ಸೇರಿದೆ, ಪಾದಚಾರಿ ಮಾರ್ಗದ ಕಲ್ಲುಚಪ್ಪಡಿ ಸರಿಪಡಿಸುವ ಎಂಜಿನಿಯರ್ ಕಚೇರಿ ಎಲ್ಲಿದೆ ಎಂದು ಮಕ್ಕಳೇ ಪತ್ತೆಹಚ್ಚಲಿ. ಯಾರು, ಏನನ್ನು, ಯಾವಾಗಿನೊಳಗೆ ಮಾಡಬೇಕು ಎಂಬುದು ಒಂದೇ ವಾಕ್ಯದಲ್ಲಿ ಬರಬೇಕು.

ಉದ್ದ ಇನ್ನೂರೈವತ್ತು, ಮುನ್ನೂರು ಪದ ಸಾಕು. ಖಂಡನೀಯ, ಶೋಚನೀಯ, ಆತಂಕಕಾರಿ ಎಂಬ ಪದಗಳಿಗೆ ಒಂದು ತಿಂಗಳು ರಜೆ ಕೊಡಿ. ಮೊಬೈಲಿನಿಂದ ನಕಲು ಮಾಡುವ ಚಿಂತೆ ಅಷ್ಟಾಗಿ ಬೇಡ. ಹೂ ಮಾರುವಾಕೆ ಹೇಳಿದ್ದು ಮೊಬೈಲಿಗೆ ಗೊತ್ತಿರುವುದಿಲ್ಲ.

ಶಾಲೆಯನ್ನೇ ಟೀಕಿಸಿದರೆ? ಬೆಳಿಗ್ಗೆ ಗೇಟಿನ ಮುಂದೆ ಪೋಷಕರ ಕಾರುಗಳು ಅಡ್ಡಾದಿಡ್ಡಿ ನಿಲ್ಲುತ್ತವೆ, ಶಾಲೆ ಸುಮ್ಮನಿದೆ ಎಂದು ಮಕ್ಕಳು ಬರೆದರು ಅನ್ನಿ. ಮುಖ್ಯೋಪಾಧ್ಯಾಯರಿಗೆ ಮೊದಲೇ ತೋರಿಸಿ. ಪತ್ರಿಕೆ ಹೊರಬಂದ ಮೇಲೆ ತಿಳಿದರೆ ಮುಂದಿನ ಸಂಚಿಕೆಯೇ ಇರಲಿಕ್ಕಿಲ್ಲ. ಅಂಕಿ ಅಂಶ ತಪ್ಪಿದ್ದರೆ ಅವರು ತಿದ್ದಲಿ, ಅಭಿಪ್ರಾಯವನ್ನು ತಿದ್ದುವುದು ಬೇಡ. ಅವರ ಉತ್ತರಕ್ಕೆ ಅದೇ ಪುಟದಲ್ಲಿ ಅಷ್ಟೇ ಜಾಗ ಕೊಡಿ, ಅವರಿಗೂ ಮುನ್ನೂರು ಪದಗಳ ಮಿತಿ ಇರಲಿ.